ಪ್ಲಗ್ ಕಿತ್ತು ನೋಡಿದ ದಿನಗಳು

ಕೊಳ್ಳೇಗಾಲದ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಮಳೆಗಾಲದ ಒಂದು ಸೋಮವಾರ ನಾನು ಸುಳ್ಳು ಹೇಳಿದೆ. ಒಂದೇ ವಾಕ್ಯದ ಸುಳ್ಳು. ಅದರಿಂದ ಬಿಡಿಸಿಕೊಳ್ಳಲು ಸುಮಾರು ಎರಡು ತಿಂಗಳು ಹಿಡಿಯಿತು.

ಲ್ಯಾಬಿನಲ್ಲಿ ಮೂವತ್ತೆರಡು ಕಂಪ್ಯೂಟರುಗಳಿವೆ. ನಾನು ಅಲ್ಲಿ ಪಾಠ ಮಾಡುವವಳು. ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸವೂ ನನ್ನ ಪಾಲಿಗೇ ಬಂದಿತ್ತು. ಹೊರಗಿನಿಂದ ಬರುವ ಇಂಟರ್ನೆಟ್ ಲೈನು ಒಂದೇ. ಅದನ್ನು ಅಷ್ಟೂ ಯಂತ್ರಗಳಿಗೆ ಹಂಚುವುದು, ಒಳಗೆ ಬರಬಾರದ್ದನ್ನು ಬಾಗಿಲಲ್ಲೇ ತಡೆಯುವುದು ರೂಟರ್ ಎಂಬ ಪೆಟ್ಟಿಗೆಯ ಕೆಲಸ. ಆ ಪೆಟ್ಟಿಗೆಯೊಳಗೂ ಒಂದು ಆಪರೇಟಿಂಗ್ ಸಿಸ್ಟಮ್ ಇರುತ್ತದೆ. ಯಾವುದಿರಬೇಕೆಂದು ನಾವೇ ಆರಿಸಿ ಹಾಕಬಹುದು ಎಂಬುದನ್ನು ಮೈಸೂರಿನ ಒಂದು ತರಬೇತಿಯಲ್ಲಿ ಕಲಿತು ಬಂದಿದ್ದೆ. ಬಂದವಳೇ ಮೂಲೆಗೆ ಹಾಕಿದ್ದ ಒಂದು ಹಳೆಯ ಕಂಪ್ಯೂಟರನ್ನು ಒರೆಸಿ, ದೊಡ್ಡ ದೊಡ್ಡ ಕಚೇರಿಗಳಲ್ಲಿ ಬಳಸುವ ಭಾರಿ ಸಿಸ್ಟಮ್ ಒಂದನ್ನು ಅದಕ್ಕೆ ಹಾಕಿ, ಅದನ್ನೇ ರೂಟರ್ ಮಾಡಿದೆ. ಅದರ ಪರದೆಯ ಮೇಲೆ ಕೆಂಪು, ಹಸಿರು ಗೆರೆಗಳು ಏರುತ್ತ ಇಳಿಯುತ್ತ ಇರುತ್ತಿದ್ದವು. ಯಾರೇ ಲ್ಯಾಬಿಗೆ ಬಂದರೂ ಆ ಗೆರೆಗಳನ್ನು ತೋರಿಸುತ್ತಿದ್ದೆ. ಅವು ಏನು ಹೇಳುತ್ತವೆಂದು ಯಾರಾದರೂ ಕೇಳಿದ್ದರೆ ಅರ್ಧಕ್ಕೆ ಉತ್ತರ ಗೊತ್ತಿರಲಿಲ್ಲ. ಯಾರೂ ಕೇಳಲಿಲ್ಲ.

ಆ ಸೋಮವಾರ ಆನ್‌ಲೈನ್ ಕಿರು ಪರೀಕ್ಷೆ ಇತ್ತು. ವಿದ್ಯಾರ್ಥಿಗಳು ಕೂತಿದ್ದರು. ಶುರುವಾಗಲು ಹತ್ತು ನಿಮಿಷ ಇರುವಾಗ ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿಗಳು ಹಳೆಯವು, ಒಂದು ಸಲ ಕೂಗಿ ಸುಮ್ಮನಾದವು. ಸ್ವಲ್ಪ ಹೊತ್ತಿಗೆ ಕರೆಂಟು ಬಂತು, ಎಲ್ಲ ಯಂತ್ರಗಳೂ ಎದ್ದವು, ನನ್ನ ರೂಟರ್ ಮಾತ್ರ ಏಳಲಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸಾಲುಸಾಲಾಗಿ ಬಂದು ನಿಂತವು. ಡಿಸ್ಕಿನಲ್ಲಿ ಏನನ್ನೋ ಬರೆಯುತ್ತಿದ್ದಾಗ ಕರೆಂಟು ಹೋಗಿದ್ದರಿಂದ ಕಡತಗಳು ಕೆಟ್ಟಿವೆ ಎಂಬುದು ಅದರ ತಾತ್ಪರ್ಯ. ಇನ್ನೊಮ್ಮೆ ಆನ್ ಮಾಡಿದೆ, ಮತ್ತೊಮ್ಮೆ ಮಾಡಿದೆ. ಅದೇ ಸಾಲುಗಳು.

ಮುಂದಿನ ಬೆಂಚಿನಲ್ಲಿ ಹೂಗ್ಯಂನಿಂದ ಬರುವ ಒಬ್ಬ ಹುಡುಗಿ ಕೂತಿದ್ದಳು. ಕಾಡಂಚಿನ ಊರು; ಬೆಳಿಗ್ಗೆ ಮೊದಲ ಬಸ್ಸು ಹಿಡಿದು, ಹನೂರಿನಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ ಬಂದಿದ್ದಳು. ಅವಳು ಎದ್ದು ನಿಂತು, "ಮೇಡಂ, ಇವತ್ತು ಇಲ್ವಾ? ಮತ್ತೆ ಯಾವತ್ತು ಬರ್ಬೇಕು?" ಎಂದು ಮೆತ್ತಗೆ ಕೇಳಿದಳು. ಅಷ್ಟರಲ್ಲಿ ಪ್ರಿನ್ಸಿಪಾಲರು ಬಾಗಿಲಿಗೆ ಬಂದರು.

"ಏನಾಯ್ತು ಮೇಡಂ?"

"ಲೈನ್ ಕೆಟ್ಟಿದೆ ಸರ್" ಎಂದೆ.

ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಅದೇ ಬಂತು. ಅವರು ತಲೆಯಾಡಿಸಿ, ಕಚೇರಿಗೆ ಹೋಗಿ, ಪದೇ ಪದೇ ಲೈನ್ ಕೆಡುತ್ತಿದೆ, ಪರೀಕ್ಷೆ ನಿಂತಿದೆ ಎಂದು ಟೆಲಿಫೋನ್ ಆಫೀಸಿಗೆ ಒಂದು ಬಿಸಿಬಿಸಿ ದೂರು ಬರೆಸಿ ಕಳಿಸಿದರು.

ಮಧ್ಯಾಹ್ನ ಆ ಆಫೀಸಿನ ಲೈನ್‌ಮನ್ ಬಂದರು. ನಲವತ್ತರ ಆಸುಪಾಸಿನ, ಕೃಶ ದೇಹದ ಮನುಷ್ಯ. ಸೋನೆ ಹನಿಯುತ್ತಿತ್ತು. ಗೇಟಿನ ಹತ್ತಿರದ ಕಂಬ ಹತ್ತಿದರು, ಇಳಿದರು, ಅದರ ಆಚೆಯ ಕಂಬ ಹತ್ತಿದರು. ನಾನು ಕಿಟಕಿಯಿಂದ ನೋಡುತ್ತ, ಒಳಗೆ ಅದೇ ಭಾರಿ ಸಿಸ್ಟಮನ್ನು ಮೊದಲಿಂದ ಹೊಸದಾಗಿ ಹಾಕುತ್ತಿದ್ದೆ. ಎರಡು ಗಂಟೆ ಕಳೆದ ಮೇಲೆ ಅವರು ನೆನೆದ ತಲೆ ಒರೆಸಿಕೊಳ್ಳುತ್ತ ಒಳಗೆ ಬಂದು, "ಲೈನ್ ಚೆನ್ನಾಗೇ ಅದೆ ಮೇಡಂ, ಎಲ್ಲೂ ಏನೂ ಇಲ್ಲ" ಎಂದರು. ಅದೇ ಹೊತ್ತಿಗೆ ನನ್ನ ಕೆಲಸವೂ ಮುಗಿದು ನೆಟ್ ಬಂದಿತ್ತು. ಪ್ರಿನ್ಸಿಪಾಲರು ಅದನ್ನು ಕಂಡು, ಸರಿಮಾಡಿದ್ದು ಲೈನ್‌ಮನ್ನೇ ಎಂದುಕೊಂಡು, ಅವರ ಕೈಕುಲುಕಿದರು. ಲೈನ್‌ಮನ್ ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡಿ, ಏನೂ ಅರ್ಥವಾಗದೆ ಹೊರಟುಹೋದರು.

ಇದೆಲ್ಲವನ್ನೂ ನೋಡಿದ್ದವರು ಒಬ್ಬರಿದ್ದರು, ನಮ್ಮ ಲ್ಯಾಬ್ ಅಟೆಂಡರ್. ಐವತ್ತು ದಾಟಿದವರು, ಬಿಳಿಗಿರಿ ಬೆಟ್ಟದ ಸೋಲಿಗರು. ಪೋಡು ಎಂದು ಕರೆಯುವ ಕಾಡಿನೊಳಗಿನ ಹಾಡಿಯಲ್ಲಿ ಹುಟ್ಟಿ, ಅರಣ್ಯ ಇಲಾಖೆಯ ಕ್ಯಾಂಪುಗಳಲ್ಲಿ ವಾಚರ್ ಆಗಿ ವರ್ಷಗಟ್ಟಲೆ ದುಡಿದು, ಮಂಡಿ ನೋವು ಬಂದ ಮೇಲೆ ಯಳಂದೂರಿಗೆ ಇಳಿದು ನೆಲೆಸಿದ್ದರು. ನನ್ನ ಮನೆಯೂ ಯಳಂದೂರಿನಲ್ಲೇ. ದಿನಾ ಒಂದೇ ಬಸ್ಸಿಗೆ ಬರುತ್ತಿದ್ದೆವು, ಒಂದೇ ಬಸ್ಸಿಗೆ ಹೋಗುತ್ತಿದ್ದೆವು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಆ ಸಂಜೆ ಬಸ್ಸಿನಲ್ಲಿ ಅವರು ಕಬ್ಬಿನ ಗದ್ದೆಗಳ ಕಡೆ ಮುಖ ಮಾಡಿ ಕೂತರು. ಬೈದಿದ್ದರೆ ಒಳ್ಳೆಯದಿತ್ತು.

ಸ್ವಲ್ಪ ದಿನಕ್ಕೆ ಕಾಲೇಜಿಗೆ ಒಂದು ಪತ್ರ ಬಂತು. ಆನ್‌ಲೈನ್ ಸರ್ಟಿಫಿಕೇಟ್ ಪರೀಕ್ಷೆಗೆ ನಮ್ಮ ಲ್ಯಾಬನ್ನೇ ಕೇಂದ್ರ ಮಾಡುವ ಯೋಚನೆ ಇದೆ. ಅಧಿಕಾರಿಗಳು ಬಂದು ಅರ್ಧ ದಿನ ಅಣಕು ಪರೀಕ್ಷೆ ನಡೆಸಿ ನೋಡುತ್ತಾರೆ. ಸಂಪರ್ಕ ತಪ್ಪಿದರೆ ಕೇಂದ್ರ ಮೈಸೂರಿಗೆ ಹೋಗುತ್ತದೆ. ಮೈಸೂರು ಎಂದರೆ ಕೊಳ್ಳೇಗಾಲದವರಿಗೆ ದೂರವಲ್ಲ. ಆದರೆ ಹನೂರಿನ ಆಚೆಯ ಊರುಗಳಿಂದ ಬರುವ ಹೆಣ್ಣುಮಕ್ಕಳಿಗೆ ಬೆಳಿಗ್ಗೆ ಒಂಬತ್ತಕ್ಕೆ ಮೈಸೂರಿನಲ್ಲಿ ಇರುವುದು ಆಗದ ಮಾತು. ಹಿಂದಿನ ದಿನವೇ ಹೋಗಿ ಎಲ್ಲಿ ಉಳಿಯುವುದು? ಮನೆಯಲ್ಲಿ ಕಳಿಸುವುದಿಲ್ಲ. ಪರೀಕ್ಷೆಯನ್ನೇ ಬಿಡುತ್ತಾರೆ.

ಪತ್ರ ಓದಿದ ದಿನದಿಂದ ಆ ಕೆಂಪು ಹಸಿರು ಗೆರೆಗಳನ್ನು ಯಾರಿಗೂ ತೋರಿಸುವುದನ್ನು ಬಿಟ್ಟೆ. ಬೇರೆ ಸಿಸ್ಟಮ್ ಹುಡುಕಲು ಕೂತೆ. ಹಗುರವಾದದ್ದು ಬೇಕು ಎಂಬುದೊಂದು ತಿಳಿದಿತ್ತು. ಮೊದಲು ನೋಡಿದ್ದು ಒಂದು ಕಂಪನಿಯದು. ಚಿಕ್ಕದಾಗಿ, ಚೊಕ್ಕವಾಗಿ ಇತ್ತು. ಆದರೆ ಪರವಾನಗಿ ಕೊಳ್ಳದೆ ಪ್ರಯೋಗಕ್ಕೆಂದು ಹಾಕಿದರೆ ವೇಗವನ್ನು ಕಟ್ಟಿಹಾಕುತ್ತಿತ್ತು. ಮೂವತ್ತೆರಡು ಯಂತ್ರಗಳ ಭಾರ ಹೊರಿಸಿ ನೋಡಲು ಆಗುವಂತಿರಲಿಲ್ಲ. ಇನ್ನೊಂದು, ಉಚಿತವಾಗಿ ಸಿಗುವ, ಎಲ್ಲರೂ ಸೇರಿ ಬೆಳೆಸಿರುವ ಪುಟ್ಟ ಸಿಸ್ಟಮ್. ಒಂದು ಹಾಡಿನ ಫೈಲಿನಷ್ಟು ಜಾಗ ಸಾಕು. ದೊಡ್ಡ ಯಂತ್ರವೂ ಬೇಡ, ಅಂಗೈ ಅಗಲದ ಪ್ಲಾಸ್ಟಿಕ್ ರೂಟರಿನೊಳಗೇ ಕೂರುತ್ತದೆ. ಅಂಥ ಒಂದು ಹಳೆಯ ರೂಟರ್ ನಮ್ಮ ಬೀರುವಿನಲ್ಲೇ ದೂಳು ಹಿಡಿದು ಬಿದ್ದಿತ್ತು. ಆದರೆ ಇದರಲ್ಲಿ ಗೆರೆಗಳಿಲ್ಲ, ಬಣ್ಣವಿಲ್ಲ. ನಾನು ನಾಲ್ಕು ದಿನ ಅದನ್ನು ಪಕ್ಕಕ್ಕಿಟ್ಟೆ. ಈಗ ಒಪ್ಪಿಕೊಳ್ಳುತ್ತೇನೆ, ಕಾರಣ ಅಷ್ಟೇ: ತೋರಿಸಿಕೊಳ್ಳಲು ಅದರಲ್ಲಿ ಏನೂ ಇರಲಿಲ್ಲ.

ಕಾಗದದ ಮೇಲೆ ಮೂರೂ ಸಿಸ್ಟಮುಗಳ ಹೆಸರು ಬರೆದು ಗೀಚುತ್ತ ಕೂತಿದ್ದಾಗ ಅಟೆಂಡರ್ ಅಣ್ಣ ಟೀ ತಂದಿಟ್ಟು ಕಾಗದ ನೋಡಿದರು.

"ಇವು ಏನ್ ಮೇಡಂ?"

ವಿವರಿಸಿದೆ. ಯಾವುದರಲ್ಲಿ ಏನೇನಿದೆ, ಯಾವುದಕ್ಕೆ ಎಷ್ಟು ಮೆಮೊರಿ ಬೇಕು ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದರು.

"ಕರೆಂಟ್ ಒಂಟೋದ್ರೆ ಯಾವ್ದು ಏನ್ ಮಾಡ್ತದೆ?"

ನನ್ನ ಕಾಗದದಲ್ಲಿ ಅದೊಂದು ಇರಲೇ ಇಲ್ಲ.

"ಕ್ಯಾಂಪಲ್ಲಿ ನಮ್ಗೆ ವೈರ್‌ಲೆಸ್ ಸೆಟ್ ಕೊಟ್ಟಿದ್ರು" ಎಂದು ಅವರು ಸ್ಟೂಲಿನ ಮೇಲೆ ಕೂತರು. "ಕಾಡ್ ಸುತ್ತೋ ಬೀಟಿಗೆ ಓಗೋಕ್ ಮುಂಚೆ ನಮ್ಮ ಗಾರ್ಡು ಬ್ಯಾಟ್ರಿ ವೈರ್ ಕಿತ್ತು ಆಕ್ಸೋರು, ಕಿತ್ತು ಆಕ್ಸೋರು. ಯಾಕ್ ಸಾ ಅಂದ್ರೆ, ಆನೆ ಎದ್ರಿಗೆ ನಿಂತಾಗ ಸೆಟ್ ಕೆಲ್ಸ ಮಾಡ್ತದೋ ಇಲ್ವೋ ಅಂತ ನೋಡಕಾಗಲ್ಲ ಕಣ್ಲಾ, ಇಲ್ಲೇ ನೋಡ್ಕಂಡು ಓಗ್ಬೇಕು ಅನ್ನೋರು. ನೀವೂ ಪ್ಲಗ್ ಕಿತ್ತು ನೋಡಿ."

ಹಾಗೆ ಶುರುವಾಯಿತು. ಪಾಠ ಮುಗಿದ ಮೇಲೆ ದಿನಾ ಒಂದು ಗಂಟೆ ನಾವಿಬ್ಬರೂ ಕೂತು ಪ್ಲಗ್ ಕೀಳುತ್ತಿದ್ದೆವು. ಅವರು ಕೀಳುವುದು, ಮತ್ತೆ ಹಾಕುವುದು. ನಾನು ಗಡಿಯಾರ ನೋಡಿ ಬರೆದುಕೊಳ್ಳುವುದು. ನನ್ನ ಭಾರಿ ಸಿಸ್ಟಮ್ ಮೊದಲ ಮೂರು ಸಲ ಎದ್ದಿತು, ಆದರೆ ಪ್ರತಿಸಲವೂ ನಾಲ್ಕೈದು ನಿಮಿಷ ತನ್ನ ಡಿಸ್ಕನ್ನು ತಾನೇ ತಡವಿಕೊಂಡಿತು. ನಾಲ್ಕನೆಯ ಸಲ ಅದೇ ಬಿಳಿ ಅಕ್ಷರಗಳ ಸಾಲು. ನನ್ನ ಮುಖ ನೋಡಿ ಅಣ್ಣ, "ಬುಡಿ ಮೇಡಂ, ಇದಕ್ಕೆ ನಮ್ಮೂರ್ ಕರೆಂಟು ಒಗ್ಗಲ್ಲ" ಎಂದರು.

ಪುಟ್ಟ ಸಿಸ್ಟಮಿನ ಸರದಿ. ಅದನ್ನು ಹಾಕಬೇಕಾದರೆ ರೂಟರಿನಲ್ಲಿರುವ ಮೂಲ ಸಿಸ್ಟಮನ್ನು ಅಳಿಸಬೇಕು. ತಪ್ಪಾದರೆ ಪೆಟ್ಟಿಗೆ ಇಟ್ಟಿಗೆಗೆ ಸಮ. ಒಂದೇ ಮಾದರಿಯ ರೂಟರಿನಲ್ಲೂ ಬೇರೆ ಬೇರೆ ಆವೃತ್ತಿಗಳಿರುತ್ತವೆ, ಒಂದಕ್ಕೆ ಮಾಡಿದ್ದು ಇನ್ನೊಂದಕ್ಕೆ ಹೊಂದುವುದಿಲ್ಲ. ನಾನು ನಮ್ಮದು ಎರಡನೆಯ ಆವೃತ್ತಿ ಎಂದು ಅಣ್ಣನಿಗೆ ಹೇಳಿ, ಅದರ ಫೈಲನ್ನು ಇಳಿಸಿಕೊಂಡು, ಗುಂಡಿ ಒತ್ತಲು ಕೈ ಚಾಚಿದ್ದೆ. ಅಣ್ಣ ಕನ್ನಡಕ ಏರಿಸಿಕೊಂಡು ಪೆಟ್ಟಿಗೆಯನ್ನು ಬೋರಲು ಹಾಕಿ ಅದರ ತಳದ ಚೀಟಿ ಓದುತ್ತಿದ್ದರು.

"ವಸಿ ತಡೀರಿ. ನೀವು ಎಲ್ಡು ಅಂದ್ರಿ. ಇಲ್ಲಿ ವಿ ನಾಕು ಅಂತ ಬರ್ದವ್ರೆ."

ಕೈ ಹಿಂದಕ್ಕೆ ತೆಗೆದುಕೊಂಡೆ. ಚೀಟಿ ಮಾಸಿತ್ತು, ಆದರೆ ನಾಲ್ಕು ನಾಲ್ಕೇ ಆಗಿತ್ತು. ಸರಿಯಾದ ಫೈಲ್ ಹುಡುಕಿ, ಇಬ್ಬರೂ ಎರಡೆರಡು ಸಲ ಓದಿ, ಹಾಕಿದೆವು. ದೀಪ ಮಿಣುಕಿತು, ಆರಿತು, ಮತ್ತೆ ಹತ್ತಿ ನಿಂತಿತು. ಆದರೆ ನನ್ನ ಫೋನಿನಲ್ಲಿ ವೈಫೈ ಹುಡುಕಿದರೆ ಆ ಪೆಟ್ಟಿಗೆಯ ಹೆಸರೇ ಇಲ್ಲ. ಐದು ನಿಮಿಷ ಕಾದೆ, ಹತ್ತು ನಿಮಿಷ ಕಾದೆ. ಕೆಡಿಸಿಬಿಟ್ಟೆ ಎಂದುಕೊಂಡು ತಲೆ ಮೇಲೆ ಕೈ ಹೊತ್ತು ಕೂತೆ.

"ದೀಪ ಉರೀತಾ ಅದಲ್ಲ ಮೇಡಂ" ಎಂದರು ಅಣ್ಣ. "ಉಸಿರಾಡ್ತಾ ಅದೆ. ವೈರ್ ಆಕಿ ನೋಡಿ."

ವೈರ್ ಹಾಕಿದೆ. ಬಂತು! ಹೊಸದಾಗಿ ಹಾಕಿದಾಗ ವೈಫೈ ಬಂದ್ ಆಗಿರುತ್ತದೆ, ನಾವೇ ಅದನ್ನು ತೆರೆಯಬೇಕು ಎಂಬ ಸಾಲನ್ನು ನಾನು ಸೂಚನೆಯಲ್ಲಿ ಓದದೆ ದಾಟಿಸಿದ್ದೆ. ಅಣ್ಣ ನಕ್ಕರು. ಆ ಸೋಮವಾರದ ನಂತರ ಅವರು ನನ್ನೆದುರು ನಕ್ಕದ್ದು ಅದೇ ಮೊದಲು.

ಮುಂದಿನ ವಾರ ಪೂರ್ತಿ ಅದರ ಪ್ಲಗ್ ಕಿತ್ತೆವು. ಸುಮ್ಮನಿದ್ದಾಗ ಕಿತ್ತೆವು, ಮೂವತ್ತೆರಡೂ ಯಂತ್ರಗಳು ಏನಾದರೊಂದನ್ನು ಇಳಿಸಿಕೊಳ್ಳುತ್ತಿರುವಾಗ ಕಿತ್ತೆವು, ಅರ್ಧ ಎದ್ದಿರುವಾಗಲೇ ಕಿತ್ತೆವು. ಪ್ರತಿಸಲವೂ ಒಂದು ನಿಮಿಷದೊಳಗೆ ಎದ್ದು ನಿಂತಿತು. ಕಾರಣ ಓದಿ ತಿಳಿದುಕೊಂಡೆ: ಆ ಸಿಸ್ಟಮ್ ತನ್ನ ಮುಖ್ಯ ಭಾಗವನ್ನು ಬರೆಯಲಾಗದ, ಓದಲು ಮಾತ್ರ ಆಗುವ ಜಾಗದಲ್ಲಿ ಇಟ್ಟಿರುತ್ತದೆ. ನಾವು ಮಾಡಿದ ಬದಲಾವಣೆಗಳಿಗೆ ಪಕ್ಕದಲ್ಲಿ ಬೇರೆ ಜಾಗ. ದಿನದ ಲೆಕ್ಕವೆಲ್ಲ ಮೆಮೊರಿಯಲ್ಲಿ ನಡೆದು ಅಲ್ಲೇ ಅಳಿಯುತ್ತದೆ. ಹಾಗಾಗಿ ಕರೆಂಟು ಯಾವ ಗಳಿಗೆಯಲ್ಲಿ ಹೋದರೂ ಕೆಡುವಂಥದ್ದು ಹೆಚ್ಚೇನೂ ಇರುವುದಿಲ್ಲ.

ಹಾಗೆ ಪ್ಲಗ್ ಕೀಳುತ್ತಿದ್ದ ಒಂದು ಮಧ್ಯಾಹ್ನ ಅಣ್ಣ, ನನ್ನ ಕಡೆ ನೋಡದೆಯೇ ಹೇಳಿದರು. "ಆ ಲೈನ್‌ಮನ್ನು ನಮ್ ಯಳಂದೂರ್ ಪಕ್ಕದ ಒನ್ನೂರೋನು ಮೇಡಂ. ಮೊನ್ನೆ ಆಟೋದಲ್ಲಿ ಸಿಕ್ಕಿದ್ದ. ಮೇಲಿನೋರು ಅವ್ನ ಕೇಳವ್ರಂತೆ. ಕಾಲೇಜಿನೋರು ಪದೇ ಪದೇ ಲೈನ್ ಕೆಡ್ತದೆ ಅಂತ ಬರ್ದವ್ರೆ, ನೀನ್ ನೋಡುದ್ರೆ ಏನೂ ಇಲ್ಲ ಅಂತ ರಿಪೋರ್ಟ್ ಕೊಟ್ಟಿದೀಯ, ನೀನು ಕಂಬದ ಹತ್ರಕ್ಕಾದ್ರೂ ಓಗಿದ್ಯಾ ಅಂತ."

ಸೋನೆಯಲ್ಲಿ ಎರಡು ಗಂಟೆ ಕಂಬ ಹತ್ತಿಳಿದ ಮನುಷ್ಯನನ್ನು, ಕಂಬದ ಹತ್ತಿರಕ್ಕಾದರೂ ಹೋಗಿದ್ದೆಯಾ ಎಂದು ಕೇಳಿದ್ದರು.

"ನೀವು ಅವತ್ತೇ ಯಾಕೆ ಹೇಳಲಿಲ್ಲ ಅಣ್ಣ, ನಾನು ಸುಳ್ಳು ಹೇಳ್ತಿದೀನಿ ಅಂತ?"

"ನಾನ್ ಯೋಳುದ್ರೆ ಚಾಡಿ ಆಯ್ತದೆ ಮೇಡಂ. ನೀವು ಯೋಳ್ಬೇಕು."

ಮಾರನೆಯ ದಿನ ಬೆಳಿಗ್ಗೆ ಹಾಜರಿ ಹಾಕಿದವಳೇ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಅವರು ಸತ್ತೇಗಾಲದ ಕಡೆಯ ರೈತರ ಮನೆಯವರು. ಕಾಲೇಜು ಮುಗಿದ ಮೇಲೆ ಈಗಲೂ ತೋಟಕ್ಕೆ ನೀರು ಬಿಡಲು ಹೋಗುವವರು. ಮಾತು ಒರಟು. ನಿಂತುಕೊಂಡೇ ಹೇಳಿದೆ.

"ಸರ್, ಅವತ್ತು ಪರೀಕ್ಷೆ ನಿಂತಾಗ ಲೈನ್ ಕೆಟ್ಟಿರಲಿಲ್ಲ. ನಾನು ಮಾಡಿದ್ದ ರೂಟರ್ ಕೆಟ್ಟಿತ್ತು. ನಿಮಗೆ ಸುಳ್ಳು ಹೇಳಿದೆ."

ಅವರು ಬರೆಯುವುದನ್ನು ನಿಲ್ಲಿಸಿ ಪೆನ್ನಿನ ಮುಚ್ಚಳ ಹಾಕಿದರು. ನಾನು ಬೈಗುಳಕ್ಕೆ ಸಿದ್ಧಳಾದೆ.

"ಲೈನ್‌ಮನ್‌ಗೆ ಹೇಳಿದ್ರಾ?"

"ಇಲ್ಲ ಸರ್."

"ಮತ್ತೆ ನನ್ನತ್ರ ಬಂದು ಏನ್ ಪ್ರಯೋಜನ? ಮಳೇಲಿ ನೆಂದಿದ್ದು ನಾನಲ್ಲ. ಮೊದ್ಲು ಅವ್ರಿಗೆ ಹೇಳಿ. ಕಾಗದ ಬರ್ಕೊಂಡು ಬನ್ನಿ, ತಪ್ಪು ನಮ್ದೇ ಅಂತ. ಸಹಿ ಮಾಡ್ತೀನಿ. ಅದು ಅವ್ರ ಆಫೀಸಿಗೆ ಇವತ್ತೇ ಹೋಗ್ಬೇಕು."

ಕಾಗದವನ್ನು ಮೂರು ಸಲ ಬರೆದೆ. ಮೊದಲ ಎರಡರಲ್ಲಿ 'ತಾಂತ್ರಿಕ ಕಾರಣಗಳಿಂದ' ಎಂಬ ಪದಗಳ ಹಿಂದೆ ಅವಿತುಕೊಂಡಿದ್ದೆ. ಮೂರನೆಯದರಲ್ಲಿ ನೇರವಾಗಿ ಬರೆದೆ: ಕೆಟ್ಟದ್ದು ನಮ್ಮ ಲ್ಯಾಬಿನ ಯಂತ್ರ, ಲೈನ್‌ಮನ್ ಮಳೆಯಲ್ಲಿ ಎರಡೂ ಕಂಬ ಹತ್ತಿ ಪರೀಕ್ಷಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅವರ ವರದಿ ಸತ್ಯ. ಪ್ರಿನ್ಸಿಪಾಲರು ಓದಿ, ಒಂದಕ್ಷರ ಬದಲಿಸದೆ ಸಹಿ ಹಾಕಿದರು.

ಲೈನ್‌ಮನ್ ಸಿಕ್ಕಿದ್ದು ಬಸ್ ನಿಲ್ದಾಣದ ಹತ್ತಿರ, ಇನ್ನೊಂದು ಕಂಬದ ಬುಡದಲ್ಲಿ. ಕಾಗದದ ಪ್ರತಿ ಕೊಟ್ಟು ಎಲ್ಲ ಹೇಳಿದೆ. ಅವರು ಮೆಲ್ಲಗೆ ಓದಿದರು. ಸಿಟ್ಟು ಬಂದಿತ್ತು, ಬಚ್ಚಿಡಲಿಲ್ಲ.

"ಕಂಬ ಅತ್ತೋದು ನಮ್ಮ ಕೆಲ್ಸ ಮೇಡಂ, ಅದಕ್ಕೇನಿಲ್ಲ. ಆದ್ರೆ ಅತ್ತೇ ಇಲ್ಲ ಅಂದ್ರಲ್ಲ, ಅದು ಉರೀತು." ಕಾಗದವನ್ನು ಮಡಿಸಿ ಅಂಗಿ ಜೇಬಿಗಿಟ್ಟುಕೊಂಡರು. "ಇದ ಬರ್ಕೊಟ್ರಲ್ಲ, ಸಾಕು. ಯಾರೂ ಬರ್ಕೊಡಕಿಲ್ಲ. ಬನ್ನಿ, ಟೀ ಕುಡಿಯವ."

ಕುಡಿದೆವು. ಸಕ್ಕರೆ ಜಾಸ್ತಿಯಾಗಿತ್ತು. ನನಗೆ ಅಷ್ಟು ರುಚಿಯಾದ ಟೀ ಇತ್ತೀಚೆಗೆ ನೆನಪಿಲ್ಲ.

ಅಣಕು ಪರೀಕ್ಷೆಯ ದಿನ ಇಬ್ಬರು ಅಧಿಕಾರಿಗಳು ಬಂದರು. ಒಬ್ಬರು ಮಾತಿನವರು, ಇನ್ನೊಬ್ಬರು, ವಯಸ್ಸಾದ ಒಬ್ಬ ಹೆಂಗಸು, ಏನೂ ಮಾತಾಡದೆ ಎಲ್ಲ ವೈರುಗಳ ಹಿಂದೆಯೂ ಬಗ್ಗಿ ನೋಡಿದರು. ಹತ್ತು ಗಂಟೆಗೆ ಮೂವತ್ತೆರಡು ವಿದ್ಯಾರ್ಥಿಗಳು ಉತ್ತರ ಬರೆಯಲು ಶುರುಮಾಡಿದರು. ಕಾಲು ಗಂಟೆ, ಅರ್ಧ ಗಂಟೆ, ಏನೂ ತೊಂದರೆಯಿಲ್ಲ. ಆಮೇಲೆ ಆ ಹೆಂಗಸು ಗೋಡೆಯ ಮೂಲೆಗೆ ಬಂದು, "ನಿಮ್ಮ ರೂಟರ್ ಎಲ್ಲಿ?" ಎಂದರು. ತೋರಿಸಿದೆ. ಅಂಗೈ ಅಗಲದ ಪೆಟ್ಟಿಗೆ ನೋಡಿ ಹುಬ್ಬು ಗಂಟಿಕ್ಕಿದರು.

"ಇಷ್ಟೇನಾ?"

"ಇಷ್ಟೇ ಮೇಡಂ."

ಅವರು ನನ್ನ ಅಪ್ಪಣೆ ಕೇಳಲಿಲ್ಲ. ಪ್ಲಗ್ ಹಿಡಿದು ಎಳೆದೇಬಿಟ್ಟರು.

ಮೂವತ್ತೆರಡು ಪರದೆಗಳ ಮೇಲೂ 'ಸಂಪರ್ಕ ಕಡಿದಿದೆ' ಎಂಬ ಹಳದಿ ಪಟ್ಟಿ ಬಂತು. ವಿದ್ಯಾರ್ಥಿಗಳು ಒಟ್ಟಿಗೆ ತಲೆ ಎತ್ತಿದರು. ಪ್ರಿನ್ಸಿಪಾಲರು ನನ್ನನ್ನೇ ನೋಡಿದರು. ಆ ಹೆಂಗಸು ಪ್ಲಗ್ಗನ್ನು ಮತ್ತೆ ಹಾಕಿ ಕೈಗಡಿಯಾರ ನೋಡುತ್ತ ನಿಂತರು. ಅದೆಷ್ಟು ಸಲ ನಾನು ಆ ಹೊತ್ತನ್ನು ಎಣಿಸಿದ್ದೆನೋ, ಆದರೂ ಆ ದಿನ ಎಣಿಕೆ ಹದಿನೈದಕ್ಕೆ ತಪ್ಪಿಹೋಯಿತು. ಬಾಗಿಲ ಹತ್ತಿರ ಅಣ್ಣ ಕೈಕಟ್ಟಿ ನಿಂತಿದ್ದರು. ಅವರ ತುಟಿ ಅಲುಗುತ್ತಿತ್ತು, ಅವರು ಎಣಿಸುತ್ತಿದ್ದರು.

ಹಳದಿ ಪಟ್ಟಿ ಮೊದಲು ಹಿಂದಿನ ಸಾಲಿನ ಒಂದು ಪರದೆಯಿಂದ ಹೋಯಿತು. ಆಮೇಲೆ ಪಕ್ಕದ್ದು. ಆಮೇಲೆ ಒಂದಾದ ಮೇಲೊಂದು ಎಲ್ಲ. ಯಾರ ಉತ್ತರವೂ ಅಳಿದಿರಲಿಲ್ಲ. ವಿದ್ಯಾರ್ಥಿಗಳು ಮತ್ತೆ ತಲೆ ಬಗ್ಗಿಸಿ ಬರೆಯತೊಡಗಿದರು. ಆ ಅಧಿಕಾರಿ ತಮ್ಮ ಹಾಳೆಯಲ್ಲಿ ಏನೋ ಗುರುತು ಹಾಕಿ, "ಮೊನ್ನೆ ಬೇರೆ ಕಡೆ ಕಿತ್ತಾಗ ಅರ್ಧ ಗಂಟೆ ಆಯ್ತು" ಎಂದರು. ಅಷ್ಟೇ. ಹೊರಡುವಾಗ ಪ್ರಿನ್ಸಿಪಾಲರಿಗೆ, ಕೇಂದ್ರ ಇಲ್ಲೇ ಆಗಲಿ ಎಂದು ಬರೆಯುತ್ತೇವೆ ಎಂದು ಹೇಳಿ ಹೋದರು.

ನಾನು ಲ್ಯಾಬಿನ ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ಹುಡುಗಿಯರು ನನ್ನನ್ನು ಬಳಸಿಕೊಂಡು ಇಳಿದು, ಹನೂರಿನ ಬಸ್ಸು ಬಂತೆಂದು ಓಡಿದರು. ಪ್ರಿನ್ಸಿಪಾಲರು ಹಾದುಹೋಗುತ್ತ, "ನಾಳೆ ರಜೆ ಬೇಕಾದ್ರೆ ತಗೊಳ್ಳಿ ಮೇಡಂ" ಎಂದರು. ಅವರ ಬಾಯಲ್ಲಿ ಅದೇ ದೊಡ್ಡ ಹೊಗಳಿಕೆ.

ಆ ಸಂಜೆ ಅಣ್ಣನಿಗೆ ಕೊಳ್ಳೇಗಾಲದಲ್ಲೇ ಏನೋ ಕೆಲಸವಿತ್ತು, ನಾನೊಬ್ಬಳೇ ಬಸ್ಸು ಹತ್ತಿದೆ. ಕಿಟಕಿಯ ಸೀಟು ಸಿಕ್ಕಿತು. ಊರು ದಾಟಿ ಭತ್ತದ ಗದ್ದೆಗಳು ಶುರುವಾದದ್ದು ನೆನಪಿದೆ, ತಣ್ಣನೆಯ ಗಾಳಿ ಮುಖಕ್ಕೆ ಬಡಿದದ್ದು ನೆನಪಿದೆ. ಆಮೇಲೆ ಯಾರೋ ಸೀಟಿನ ಕಂಬಿಗೆ ತಟ್ಟಿ ತಟ್ಟಿ ಎಬ್ಬಿಸುತ್ತಿದ್ದರು.

"ಮೇಡಂ, ಏಳಿ. ಸಂತೇಮರಳ್ಳಿ ಬಂತು."

ಕಂಡಕ್ಟರು. ದಿನಾ ನೋಡುವ ಮುಖವೇ.

"ಯಳಂದೂರು?"

"ಯಳಂದೂರು ಆಗ್ಲೇ ಇಂದಕ್ಕೋಯ್ತು. ಎಲ್ಡು ಸಲ ಕೂಗ್ದೆ. ಅಂಗ್ ನಿದ್ದೆ ಒಡೀತಿದ್ರಿ, ಎಬ್ಸೋಕೆ ಮನ್ಸಾಗ್ಲಿಲ್ಲ."

ಇಳಿದೆ. ಇನ್ನೂ ಬೆಳಕಿತ್ತು. ವಾಪಸ್ ಹೋಗುವ ಬಸ್ಸಿಗೆ ಅರ್ಧ ಗಂಟೆ ಇದೆ ಎಂದು ಅಂಗಡಿಯವನು ಹೇಳಿದ. ಮನೆಗೆ ಫೋನ್ ಮಾಡಿ, ನಿದ್ದೆ ಮಾಡಿ ಸಂತೇಮರಹಳ್ಳಿಗೆ ಬಂದುಬಿಟ್ಟೆ ಎಂದೆ. ಗಂಡ ಆ ಕಡೆಯಿಂದ ಎಷ್ಟು ಹೊತ್ತು ನಕ್ಕರೆಂದರೆ ನಾನೂ ಆ ನಿಲ್ದಾಣದಲ್ಲಿ ಒಬ್ಬಳೇ ನಿಂತು ನಗತೊಡಗಿದೆ. ಎರಡು ಬಾಳೆಹಣ್ಣು ಕೊಂಡು ಕಲ್ಲುಬೆಂಚಿನ ಮೇಲೆ ಕೂತು ತಿಂದೆ. ಬಸ್ಸು ತಡವಾಗಿ ಬಂತು. ನನಗೆ ಯಾವ ಅವಸರವೂ ಇರಲಿಲ್ಲ.